ಜನವರಿಯಲ್ಲೇ ಸುಟ್ಟು ಬರುವ ಮೋಟರುಗಳು

ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಹೊಸನಗರ ತಾಲ್ಲೂಕಿನಲ್ಲಿ, ನಗರ ಹೋಬಳಿ ಕಡೆ. ಪಂಪ್‌ಸೆಟ್, ಮಿಕ್ಸಿ, ತೋಟಕ್ಕೆ ಔಷಧಿ ಹೊಡೆಯುವ ಪಂಪು, ನೀರಿನ ಟರ್ಬೈನ್, ಹೀಗೆ ತಿರುಗುವ ಎಲ್ಲವೂ ಬರುತ್ತವೆ. ತಾಮ್ರದ ತಂತಿ ಸುತ್ತುವುದೇ ಮುಖ್ಯ ಕೆಲಸ. ಉಳಿದದ್ದೆಲ್ಲ ಜನ ತಂದಿಟ್ಟು ಕಲಿಸಿದ್ದು.

ಹವಾಮಾನ ಕೆಟ್ಟಿದೆ ಅಂತ ಪೇಪರಲ್ಲಿ ಓದುವ ಮೊದಲೇ ನನಗೆ ಅದು ಅಂಗಡಿಯಲ್ಲಿ ಗೊತ್ತಾಯಿತು. ನಾನು ಅಂಗಡಿ ಹಾಕಿದ ಹೊಸದರಲ್ಲಿ ಪಂಪ್‌ಸೆಟ್ ಮೋಟರು ಸುಟ್ಟು ಬರುತ್ತಿದ್ದದ್ದು ಯುಗಾದಿ ಹೊತ್ತಿಗೆ. ಈಗ ಸಂಕ್ರಾಂತಿ ಕಳೆಯುವಷ್ಟರಲ್ಲಿ ಬಾಗಿಲಲ್ಲಿ ಸಾಲು ನಿಂತಿರುತ್ತದೆ. ಮೋಟರು ಸುಡುವುದಕ್ಕೆ ಎರಡೇ ಮುಖ್ಯ ಕಾರಣ. ಒಂದು, ಬಾವಿಯಲ್ಲಿ ನೀರು ಇಳಿದು ಪಂಪು ಒಣಗಿ ಓಡುವುದು. ಸಬ್‌ಮರ್ಸಿಬಲ್ ಪಂಪಿಗೆ ಸುತ್ತಲಿನ ನೀರೇ ತಂಪು. ಅದು ಹೋದರೆ ವೈಂಡಿಂಗ್, ಅಂದರೆ ಒಳಗೆ ಸುತ್ತಿದ ತಂತಿ, ಬಿಸಿಯೇರುತ್ತದೆ. ಎರಡು, ಎಲ್ಲರೂ ಒಟ್ಟಿಗೆ ಸ್ವಿಚ್ ಒತ್ತಿ ವೋಲ್ಟೇಜ್ ಕುಸಿಯುವುದು. ವೋಲ್ಟೇಜ್ ಇಳಿದರೆ ಮೋಟರು ಸುಮ್ನೆ ಕೂರುವುದಿಲ್ಲ. ಅಷ್ಟೇ ಕೆಲಸ ಎಳೆಯಲು ಜಾಸ್ತಿ ಕರೆಂಟ್ ನುಂಗುತ್ತದೆ, ತಂತಿಯ ಮೇಲಿನ ವಾರ್ನಿಷ್ ಕರಗಿ ಹೋಗುತ್ತದೆ. ಎರಡರ ಹಿಂದೆಯೂ ಇರುವುದು ಒಂದೇ ಸಂಗತಿ. ತೋಟಕ್ಕೆ ನೀರು ಬೇಕಾಗುವ ದಿನ ಮೊದಲಿಗಿಂತ ಬೇಗ ಬರುತ್ತಿದೆ. ನೀರು ಮುಗಿಯುವ ದಿನವೂ ಬೇಗ ಬರುತ್ತಿದೆ.

ಬೆಂಗಳೂರಿನಿಂದ ಬಂದ ನೆಂಟರು ಇದನ್ನು ಕೇಳಿದರೆ ನಗುತ್ತಾರೆ. ಹುಲಿಕಲ್, ಮಾಸ್ತಿಕಟ್ಟೆ ಪಕ್ಕದಲ್ಲಿರುವವರು ನೀರಿಲ್ಲ ಅನ್ನುವುದಾ? ನಗುವುದರಲ್ಲಿ ತಪ್ಪಿಲ್ಲ. ನಮ್ಮ ಸುತ್ತ ಎಲ್ಲಿ ನೋಡಿದರೂ ಅಣೆಕಟ್ಟಿನ ನೀರು. ಒಂದು ಕಡೆ ಲಿಂಗನಮಕ್ಕಿ ಹಿನ್ನೀರು, ಇನ್ನೊಂದು ಕಡೆ ಮಾಣಿ, ಚಕ್ರಾ, ಸಾವೆಹಕ್ಲು. ಶರಾವತಿ ಕಣಿವೆಯ ದೊಡ್ಡ ವಿದ್ಯುದಾಗಾರ 1035 ಮೆಗಾವಾಟಿನದು. ವರಾಹಿಯದ್ದು 460. ನಮ್ಮ ಮಳೆ ರಾಜ್ಯಕ್ಕೆಲ್ಲ ದೀಪ ಹಚ್ಚುತ್ತದೆ. ಪುಷ್ಯ ಮಳೆಯಲ್ಲಿ ಮರ ಬಿದ್ದು ತಂತಿ ಹರಿದರೆ ನಮ್ಮ ಕೇರಿಗಳು ಮಾತ್ರ ವಾರಗಟ್ಟಲೆ ಕತ್ತಲಲ್ಲಿ ಇರುತ್ತವೆ. ಲೈನ್‌ಮನ್‌ಗಳನ್ನು ಬೈಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಆ ಗಾಳಿಯಲ್ಲಿ, ಜಿಗಣೆ ಕಚ್ಚಿಸಿಕೊಂಡು, ಕಾಡಿನ ನಡುವೆ ಕಂಬ ಹತ್ತುವವರು ಅವರು.

ನಮ್ಮಲ್ಲಿ ಮಳೆಯ ನಡತೆ ಹಾಳಾಗಿದೆ, ಅಷ್ಟೇ. ಮೂರು ವರ್ಷ ನೆನಪು ಮಾಡಿಕೊಳ್ಳಿ. 2023ರ ಆಗಸ್ಟ್ ದೇಶದಲ್ಲೇ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರ ಪಟ್ಟಿಗೆ ಸೇರಿದವು. ಮರುವರ್ಷ 2024ರ ಜುಲೈನಲ್ಲಿ ಸುರಿದದ್ದು ಹೇಗೆ ಅಂತ ಹೇಳಬೇಕಾಗಿಲ್ಲ. ಅಂಕೋಲಾ ಬಳಿಯ ಶಿರೂರಿನ ಗುಡ್ಡ ಹೆದ್ದಾರಿ ಮೇಲೆ ಕುಸಿದದ್ದು ಆ ತಿಂಗಳ 16ರಂದು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ವಾಡಿಕೆಗಿಂತ ಒಂದು ವಾರ ಮೊದಲು. ಮೇ ಕೊನೆಯಲ್ಲಿ ಸೌದೆ ಒಳಗಿಟ್ಟು, ಚರಂಡಿ ಬಿಡಿಸಿ, ತೋಟಕ್ಕೆ ಮೊದಲ ಔಷಧಿ ಹೊಡೆಯಬೇಕು ಅಂತ ಕಾದಿದ್ದವರು ಕೈಕಟ್ಟಿ ಕೂತರು.

ಎಲ್ಲವನ್ನೂ ಮಳೆಯ ತಲೆಗೆ ಕಟ್ಟುವುದೂ ಸರಿಯಲ್ಲ. ನಾವು ಮಾಡಿಕೊಂಡದ್ದೂ ಇದೆ. ನನ್ನ ಅಂಗಡಿಯ ಗಿರಾಕಿಗಳಲ್ಲಿ ಅನೇಕರ ಮನೆಗೆ ಅವರ ಅಪ್ಪನ ಕಾಲದಲ್ಲಿ ಮೋಟರೇ ಬೇಕಿರಲಿಲ್ಲ. ಮನೆಗೆ ಅಬ್ಬಿ ನೀರು ಬರುತ್ತಿತ್ತು. ಗುಡ್ಡದ ಮೇಲಿನ ಒರತೆಯಿಂದ ಅಡಿಕೆ ದಬ್ಬೆ ಸೀಳಿ ಮಾಡಿದ ದಂಬೆಯಲ್ಲಿ ಹರಿದು, ಬಚ್ಚಲ ಹಂಡೆಗೆ ನೇರ ಬೀಳುತ್ತಿತ್ತು. ಕೆಳಗೆ ಕಣಿವೆಯಲ್ಲಿ ಗದ್ದೆ. ಗದ್ದೆಗೆ ಬೇಸಿಗೆಯಲ್ಲಿ ನೀರು ಬೇಡ. ಮಳೆಗಾಲದಲ್ಲಿ ಅದೇ ತಿಂಗಳುಗಟ್ಟಲೆ ನೀರು ನಿಲ್ಲಿಸಿಕೊಂಡು ನಿಧಾನಕ್ಕೆ ಭೂಮಿಗೆ ಇಳಿಸುತ್ತಿತ್ತು. ಈಗ ಗದ್ದೆಗಳೆಲ್ಲ ತೋಟ. ಅಡಿಕೆಗೆ ಕಾಲು ಬುಡದಲ್ಲಿ ನೀರು ನಿಂತರೆ ಆಗದು. ಹಾಗಾಗಿ ಆಳವಾಗಿ ಬಸಿಗಾಲುವೆ ತೆಗೆದು ಮಳೆಗಾಲದ ನೀರನ್ನೆಲ್ಲ ಹೊಳೆಗೆ ಓಡಿಸುತ್ತೇವೆ. ಬೇಸಿಗೆಯಲ್ಲಿ ಮತ್ತೆ ಅದೇ ಜಾಗಕ್ಕೆ ನೀರು ತರಲು ಬೋರ್ ಕೊರೆಸುತ್ತೇವೆ. ಇಂಗುವುದು ನಿಂತಿತು, ಎಳೆಯುವುದು ಶುರುವಾಯಿತು. ಅಡಿಕೆ ರೇಟು ನೋಡಿದರೆ ಯಾರನ್ನೂ ದೂರುವ ಹಾಗಿಲ್ಲ. ಗದ್ದೆ ಮಾಡಿ ಕೈ ಸುಟ್ಟುಕೊಂಡವರಿಗೆ ಗದ್ದೆ ಉಳಿಸಿ ಅಂತ ಉಪದೇಶ ಮಾಡುವ ಮೇಧಾವಿಗಳು ಒಂದು ಸಲ ಸಸಿ ನೆಡುವ ನೆಟ್ಟಿ ಕೆಲಸಕ್ಕೆ ಬಂದು ನೋಡಲಿ.

ಬೋರಿನ ವಿಚಾರಕ್ಕೆ ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಏಪ್ರಿಲ್‌ನಲ್ಲಿ ನಿಮ್ಮ ಅಬ್ಬಿ ಎಷ್ಟು ಬರುತ್ತದೆ?

"ಎಂತ ಬರುತ್ತೆ ಮಾರಾಯ, ನೂಲಿನಷ್ಟು" ಅನ್ನುತ್ತಾರೆ.

ನೂಲು ಅಂದರೆ ಎಷ್ಟು ಅಂತ ಅಳೆಯಿರಿ ಅನ್ನುತ್ತೇನೆ. 15 ಲೀಟರಿನ ಕೊಡ ಹಿಡಿಯಿರಿ, ಫೋನಿನಲ್ಲಿ ಸಮಯ ನೋಡಿ. ಕೊಡ ತುಂಬಲು ಎರಡು ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಕೇಳಲು ಏನೂ ಅಲ್ಲ. ಆದರೆ ಅಬ್ಬಿ ರಾತ್ರಿ ಮಲಗುವುದಿಲ್ಲ. ಇಪ್ಪತ್ನಾಲ್ಕು ಗಂಟೆಗೆ ಅದು 10,800 ಲೀಟರ್. ಈಗ ಅಡಿಕೆಯ ಲೆಕ್ಕ ಹಾಕಿ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಎಕರೆಗೆ ಸುಮಾರು 550 ಮರ. ಹೆಚ್ಚೆಂದರೆ 11,000 ಲೀಟರ್. ನೂಲಿನಷ್ಟು ಅಂತ ಕೈಬಿಟ್ಟ ನೀರು ಒಂದು ಎಕರೆಯನ್ನು ಹೆಚ್ಚುಕಡಿಮೆ ಸಾಕುತ್ತದೆ! ಬೇಕಾದದ್ದು ರಾತ್ರಿಯ ನೀರು ಹಿಡಿದಿಡಲು ತೋಟಕ್ಕಿಂತ ಮೇಲೆ ಒಂದು ತೊಟ್ಟಿ. ಎತ್ತರದಲ್ಲಿ ಇದ್ದರೆ ಮೋಟರು ಬೇಡ, ಕರೆಂಟೂ ಬೇಡ. ಇಷ್ಟು ಹೇಳಿದರೆ ನನ್ನ ಹೊಟ್ಟೆಗೇ ಕಲ್ಲು, ಅದು ಬೇರೆ ಮಾತು.

ಎಲ್ಲ ಮನೆಗೂ ಇದು ಆಗುವುದಿಲ್ಲ. ಸ್ಪ್ರಿಂಕ್ಲರ್ ತಿರುಗಿಸಿ ತೋಟವಿಡೀ ತೋಯಿಸಿ ರೂಢಿ ಇರುವವರಿಗೆ ಹನಿ ನೀರು ಕಂಡರೆ ಸಮಾಧಾನವೇ ಇಲ್ಲ. ಜಂಬಿಟ್ಟಿಗೆ ನೆಲದಲ್ಲಿ ನೀರಿನಲ್ಲಿ ಕಬ್ಬಿಣ ಜಾಸ್ತಿ. ಕೆಂಪು ಕೆಸರು ಕಟ್ಟಿ ಡ್ರಿಪ್ಪರ್ ಮುಚ್ಚಿಹೋಗುತ್ತದೆ. ಹಾಗಾಗಿ ಸಣ್ಣ ಡ್ರಿಪ್ಪರ್ ಬಿಟ್ಟು ಮೈಕ್ರೋಟ್ಯೂಬ್ ಅನ್ನುವ ತೆಳು ನಳಿಗೆ ಹಾಕಿ, ತೊಟ್ಟಿಯಲ್ಲಿ ನೀರು ಒಂದು ದಿನ ನಿಂತು ಕೆಸರು ತಳ ಸೇರಲಿ ಅನ್ನುತ್ತೇನೆ. ಇನ್ನೊಂದು ಮಾತು. ಅಳತೆಯನ್ನು ವಾರಕ್ಕೊಮ್ಮೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ಎರಡು ಬೇಸಿಗೆ ಬರೆದರೆ ನಿಮ್ಮ ಅಬ್ಬಿಯ ಜಾತಕ ನಿಮ್ಮ ಕೈಯಲ್ಲೇ ಇರುತ್ತದೆ. ಯಾವ ತಜ್ಞರೂ ಬಂದು ಅದನ್ನು ಹೇಳಲಾರರು.

ಅಬ್ಬಿ ಸೊರಗಿದರೆ ಮೇಲಿನ ಬೆಟ್ಟ ನೋಡಬೇಕು. ಇಲ್ಲಿ ಎರಡು ಥರದ ಜನ ಸಿಗುತ್ತಾರೆ. ಬೆಟ್ಟದಿಂದ ಸೊಪ್ಪು, ದರಗು (ಉದುರಿದ ಒಣ ಎಲೆ) ಎಲ್ಲ ಗುಡಿಸಿ ತಂದು ತೋಟಕ್ಕೆ, ಕೊಟ್ಟಿಗೆಗೆ ಹಾಕುವವರು. ದರಗು ಹೋದ ನೆಲದ ಮೇಲೆ ಮಳೆ ಹನಿ ನೇರ ಬಡಿದು ಹರಿದುಹೋಗುತ್ತದೆ. ಇನ್ನೊಬ್ಬರು ಪೇಪರ್ ಓದಿ, ಜೆಸಿಬಿ ತರಿಸಿ, ಬೆಟ್ಟದ ತುಂಬ ಇಂಗುಗುಂಡಿ ತೋಡಿಸುವವರು. ನನಗೆ ಹೆಚ್ಚು ಹೆದರಿಕೆ ಎರಡನೆಯವರದ್ದು.

ಬಯಲುಸೀಮೆಯಲ್ಲಿ, ಇಳಿಜಾರು ಕಡಿಮೆ ಇರುವಲ್ಲಿ ಇಂಗುಗುಂಡಿ ಚಿನ್ನ. ಸಿಕ್ಕಿಂನಲ್ಲಿ 2008ರಿಂದ ಧಾರಾ ವಿಕಾಸ್ ಅಂತ ಕಾರ್ಯಕ್ರಮ ನಡೆಸಿ, ಗುಡ್ಡದ ಮೇಲೆ ಕಾಲುವೆ, ಗುಂಡಿ ತೋಡಿ ಒಣಗಿದ ಒರತೆಗಳಿಗೆ ಮತ್ತೆ ನೀರು ತರಿಸಿದರು. ಆದರೆ ಅವರು ಮೊದಲು ಬಂಡೆ ಪದರ ಯಾವ ಕಡೆ ವಾಲಿದೆ, ಈ ಒರತೆಗೆ ನೀರು ನಿಜವಾಗಿ ಯಾವ ಗುಡ್ಡದಿಂದ ಬರುತ್ತದೆ ಅಂತ ನೋಡಿದರು. ಒರತೆಯ ನೇರ ಮೇಲಿರುವ ಗುಡ್ಡವೇ ಅದರ ತಾಯಿ ಅಂತ ಇಲ್ಲ. ನಮ್ಮ ಘಟ್ಟದ ಅಂಚಿನಲ್ಲಿ ಮಣ್ಣು ಆಳ, ಇಳಿಜಾರು ಕಡಿದು, ಮಳೆ ವಿಪರೀತ. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಹೇಗೆ ಜಾರಿದವು ನೋಡಿದ್ದೇವೆ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿ ಗುಡ್ಡ ಕುಸಿದಾಗ, ಮೇಲೆ ತೋಡಿದ್ದ ಇಂಗುಗುಂಡಿಗಳೂ ಕಾರಣ ಅಂತ ಅಲ್ಲಿಯವರು ಕೆಲವರು ದೂರಿದ್ದರು. ಅದು ಎಷ್ಟು ನಿಜವೋ, ಅದನ್ನು ತೀರ್ಮಾನ ಮಾಡುವುದು ನನ್ನ ಕೆಲಸ ಅಲ್ಲ. ಆದರೆ ಮನೆಯ ಮೇಲಿನ ಕಡಿದಾದ ಧರೆಯಲ್ಲಿ ಗುಂಡಿ ತೋಡಿ ನೀರು ನಿಲ್ಲಿಸುವ ಧೈರ್ಯ ನನಗಿಲ್ಲ. ಅಲ್ಲಿ ಕೈಯಾಡಿಸದೆ ಬಿಡುವುದೇ ವಾಸಿ. ಒಂದು ಪಾಲು ಬೆಟ್ಟವನ್ನು ಗುಡಿಸದೆ ಬಿಡಿ, ದನ ಹೋಗದ ಹಾಗೆ ಬೇಲಿ ಹಾಕಿ, ಸಾಕು. ರಂಜಲು, ನೇರಳೆಯಂಥ ಮರಗಳು ತಾವಾಗಿ ಎದ್ದುಬರುತ್ತವೆ.

ಈಗ ಕರೆಂಟಿನ ವಿಷಯ. ಇದರ ಬಗ್ಗೆ ಬರೆಯಲು ಕೂತರೆ ನನಗೆ ಊಟ ಮರೆಯುತ್ತದೆ.

ನಮ್ಮ ಕಡೆ ಅಬ್ಬಿ ನೀರಿನಿಂದ ಕರೆಂಟ್ ಮಾಡುವುದು ಹೊಸದಲ್ಲ. ಕಾರಿನ ಡೈನಮೋಗೆ ತಗಡಿನ ಚಕ್ರ ಕಟ್ಟಿ ಬ್ಯಾಟರಿ ಚಾರ್ಜ್ ಮಾಡುತ್ತಿದ್ದ ಹಿರಿಯರಿದ್ದರು. ಆಮೇಲೆ ಪಿಕೋ ಹೈಡ್ರೋ ಅಂತ ಸಣ್ಣ ಟರ್ಬೈನುಗಳು ಸಬ್ಸಿಡಿಯಲ್ಲೂ ಬಂದವು. ಬಟ್ಟಲಿನಂಥ ಎಸಳುಗಳಿರುವ ಪೆಲ್ಟನ್ ಚಕ್ರ, ಅದಕ್ಕೆ ನಾಝಲ್‌ನಿಂದ ರಭಸವಾಗಿ ಹೊಡೆಯುವ ನೀರು, ಹಿಂದೆ ಕರೆಂಟ್ ಹುಟ್ಟಿಸುವ ಒಂದು ಆಲ್ಟರ್ನೇಟರ್. ಇಷ್ಟೇ. ಲೆಕ್ಕವೂ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತರದಿಂದ ಬೀಳುತ್ತದೆ, ಎರಡನ್ನೂ ಗುಣಿಸಿ 5ರಿಂದ ಮತ್ತೆ ಗುಣಿಸಿ. ಕೈಗೆ ಸಿಗುವ ವಾಟ್ ಬಂತು. ನಿಜವಾದ ಲೆಕ್ಕದಲ್ಲಿ 9.8 ಇರಬೇಕು. ಅರ್ಧದಷ್ಟು ಪೈಪಿನಲ್ಲಿ, ಚಕ್ರದಲ್ಲಿ, ಆಲ್ಟರ್ನೇಟರಿನಲ್ಲಿ ಹೋಗುತ್ತದೆ ಅಂತ ನಾನೇ ಕಳೆದಿಟ್ಟಿದ್ದೇನೆ.

ಪೈಪಿನಲ್ಲಿ ಜಿಪುಣತನ ಮಾಡುವುದು ನಮ್ಮವರ ದೊಡ್ಡ ರೋಗ. ಟರ್ಬೈನಿಗೆ ದುಡ್ಡು ಹಾಕಿ ಪೈಪು ಸಣ್ಣದು ತರುತ್ತಾರೆ. ಅಷ್ಟೇ ನೀರನ್ನು ಅರ್ಧ ಅಗಲದ ಪೈಪಿನಲ್ಲಿ ಕಳಿಸಿದರೆ ಉಜ್ಜಾಟದಲ್ಲಿ ಕಳೆದುಕೊಳ್ಳುವ ಒತ್ತಡ ಸುಮಾರು ಮೂವತ್ತು ಪಟ್ಟು ಜಾಸ್ತಿ. ಕೆಳಗೆ ಬರುವಷ್ಟರಲ್ಲಿ ಆ ನೀರಿಗೆ ಉಸಿರೇ ಇರುವುದಿಲ್ಲ. ಆಮೇಲೆ ಟರ್ಬೈನ್ ಸರಿ ಇಲ್ಲ ಅಂತ ಬಿಚ್ಚಿಕೊಂಡು ಅಂಗಡಿಗೆ ತರುತ್ತಾರೆ.

ಇದಕ್ಕಿಂತ ಕಷ್ಟದ್ದು ಹಳ್ಳದ ಪಾಲು. ಟರ್ಬೈನ್ ನೀರು ಕುಡಿಯುವುದಿಲ್ಲ, ಬಿದ್ದ ನೀರು ಬಿದ್ದಷ್ಟೇ ಕೆಳಗೆ ಹೋಗುತ್ತದೆ. ಆದರೆ ನೀರು ಎತ್ತಿದ ಜಾಗದಿಂದ ಚಕ್ರದವರೆಗೆ ಹಳ್ಳ ಒಣಗುತ್ತದಲ್ಲ? ಆ ನಡುವೆ ಇನ್ನೊಬ್ಬರ ದಂಬೆ ಇದ್ದರೆ ಜಗಳ. ನಮ್ಮ ಹತ್ತಿರದ ಒಂದು ಕೇರಿಯಲ್ಲಿ ಮೇಲಿನ ಮನೆ ಗೌಡರು, ಕೆಳಗಿನ ಮನೆ ಭಟ್ಟರು. ಇಬ್ಬರೂ ಬೇರೆ ಬೇರೆ ದಿನ ಬಂದು ಟರ್ಬೈನ್ ಕೇಳಿದರು. ನಾನು ಹೋಗಿ ಎತ್ತರ ಅಳೆದೆ. ಉದ್ದನೆಯ ಪಾರದರ್ಶಕ ನಳಿಗೆಯಲ್ಲಿ ನೀರು ತುಂಬಿ ಮಟ್ಟ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಳೇ ವಿಧಾನ. ಗೌಡರ ಅಂಗಳಕ್ಕೆ 17 ಮೀಟರ್. ಇನ್ನೂ ಕೆಳಗೆ ಭಟ್ಟರ ಕೊಟ್ಟಿಗೆ ಹಿಂದಕ್ಕೆ ಹೋದರೆ 30. ಸೆಕೆಂಡಿಗೆ 6 ಲೀಟರ್ ಸಿಕ್ಕರೆ ಮೇಲೆ 510 ವಾಟ್, ಕೆಳಗೆ 900.

"ಗೌಡ್ರೇ, ಯಂತ್ರ ಭಟ್ಟರ ಕೊಟ್ಟಿಗೆ ಹಿಂದೆ ಇಡುವ. ಎರಡೂ ಮನೆಗೆ ತಂತಿ ಎಳೆಯುವ" ಅಂದೆ.

"ನನ್ನ ಗುಡ್ಡದ ನೀರು, ಅವರ ಕೊಟ್ಟಿಗೇಲಿ ಕರೆಂಟಾ?" ಅಂದರು.

ಭಟ್ಟರದ್ದು ಬೇರೆ ರಾಗ. "ಅವರು ಮೇಲೆ ವಾಲ್ವ್ ತಿರುಗಿಸಿದರೆ ನಾವು ಕತ್ತಲಲ್ಲಿ ಕೂರೋದಾ?"

ಇಬ್ಬರ ಮನೆಯ ಹೆಂಗಸರು ಮಧ್ಯೆ ಬಾರದಿದ್ದರೆ ಇವತ್ತಿಗೂ ಮಾತು ಅಲ್ಲೇ ಇರುತ್ತಿತ್ತು. ಗೌಡರ ಮನೆಯ ಅಮ್ಮ ಒಂದೇ ಮಾತು ಕೇಳಿದರು: ಮಳೆಗಾಲದಲ್ಲಿ ಫ್ರಿಜ್ ನಡೆಯುತ್ತಾ? 510ರಲ್ಲಿ ಕಷ್ಟ, 900ರಲ್ಲಿ ನಡೆಯುತ್ತೆ ಅಂದೆ. ಅವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಣ್ಣಗಿಡಬೇಕು. ಅಲ್ಲಿಗೆ ಮುಗಿಯಿತು. ಮೇಲಿನ ವಾಲ್ವಿನ ಬೀಗದ ಕೀ ಎರಡು ಮನೆಯಲ್ಲೂ ಇದೆ. ಚಕ್ರದಿಂದ ಬಿದ್ದ ನೀರು ಭಟ್ಟರ ತೊಟ್ಟಿಗೆ, ತುಂಬಿ ಹರಿದದ್ದು ಹಳ್ಳಕ್ಕೆ.

ಟರ್ಬೈನ್ ಇರುವ ಮನೆಗೆ ಹಗಲು ಹೋದರೆ ಎಲ್ಲ ಬಲ್ಬೂ ಉರಿಯುತ್ತಿರುತ್ತವೆ. ಹೊಸಬರು ದಂಡ ಅಂದುಕೊಳ್ಳುತ್ತಾರೆ. ನೀರು ಬೀಳುತ್ತಲೇ ಇರುತ್ತದೆ, ಬಲ್ಬು ಆರಿಸಿ ಲೋಡ್ ತೆಗೆದರೆ ಚಕ್ರ ಹುಚ್ಚು ವೇಗದಲ್ಲಿ ಓಡಿ ವೋಲ್ಟೇಜ್ ಏರಿ ಬಲ್ಬು ಸುಡುತ್ತದೆ. ಹಾಗಾಗಿ ಉರಿಸಲೇಬೇಕು. ಈಗ ಲೋಡ್ ಕಂಟ್ರೋಲರ್ ಅಂತ ಕಾರ್ಡ್ ಬರುತ್ತದೆ. ಮನೆಗೆ ಬೇಡದ ಕರೆಂಟನ್ನು ಅದು ನೀರಿನ ಹಂಡೆಯ ಕಾಯಿಲ್‌ಗೆ ಕಳಿಸುತ್ತದೆ. ಬಚ್ಚಲ ಒಲೆಗೆ ಸೌದೆ ಹಾಕುವುದು ತಪ್ಪಿತು. ನಮ್ಮ ಕಡೆ ಬಚ್ಚಲ ಒಲೆ ಎಷ್ಟು ಸೌದೆ ತಿನ್ನುತ್ತದೆ ಅಂತ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಕೆಲವರು ಕೇಳುತ್ತಾರೆ, ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲಿಲ್ಲ, ಟರ್ಬೈನ್ ಯಾಕೆ ಅಂತ. ಬಿಲ್ಲಿಲ್ಲ ನಿಜ. ತಂತಿ ನೆಲದ ಮೇಲಿದ್ದರೆ ಫ್ರೀ ಕರೆಂಟ್ ಬರುವುದು ಎಲ್ಲಿಂದ? ಸೋಲಾರ್ ಹಾಕಿ ಅನ್ನುವವರಿಗೂ ಅದೇ ಉತ್ತರ. ಆರಿದ್ರಾ ಮಳೆಯಿಂದ ಮಘಾ ಮಳೆವರೆಗೆ ನಮ್ಮಲ್ಲಿ ಸೂರ್ಯ ಕಾಣುವುದೇ ಅಪರೂಪ, ಪ್ಯಾನೆಲ್‌ನಿಂದ ಕಾಲು ಭಾಗ ಕರೆಂಟ್ ಬಂದರೆ ಪುಣ್ಯ. ಆದರೆ ಅಬ್ಬಿ ಸೊರಗುವ ಫೆಬ್ರವರಿಯಿಂದ ಮೇ ತನಕ ಬಿಸಿಲು ಧಾರಾಳ. ಒಂದೇ ಬ್ಯಾಟರಿಗೆ ಎರಡನ್ನೂ ಜೋಡಿಸಿದರೆ ವರ್ಷ ಮುಗಿಯುತ್ತದೆ. ಮೊದಲು ಇದು ಐಷಾರಾಮ ಅನಿಸುತ್ತಿತ್ತು. ಈಗ ಟರ್ಬೈನ್ ಬೇಗ ನಿಲ್ಲುತ್ತಿರುವುದರಿಂದ ಬೇರೆ ದಾರಿ ಇಲ್ಲ. ಗೋಬರ್ ಗ್ಯಾಸ್ ಬಗ್ಗೆ ಕೇಳಬೇಡಿ. ಗುಂಡಿ ಎಲ್ಲರ ಮನೆಯಲ್ಲೂ ಇದೆ, ದನ ಇಲ್ಲ.

ತೋಟದ ಕೆಲಸಕ್ಕೆ ಬರೋಣ. ಅಡಿಕೆ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ಔಷಧಿ ಇವತ್ತಿಗೂ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಮೇಲೆ ವರದಿ ಬರೆದಿದ್ದರು. ಔಷಧಿ ಬದಲಾಗಿಲ್ಲ, ಹೊಡೆಯುವ ಬಿಡುವು ಬದಲಾಗಿದೆ. ಮುಂಗಾರಿಗೆ ಮೊದಲು ಒಂದು ಸಲ, ಆಮೇಲೆ ಒಂದೂವರೆ ತಿಂಗಳೊಳಗೆ ಇನ್ನೊಂದು ಸಲ. ಹೊಡೆದ ಮೇಲೆ ಅದು ಗೊನೆಯ ಮೇಲೆ ಒಣಗಲು ಕೆಲವು ಗಂಟೆ ಹೊಳವು, ಅಂದರೆ ಮಳೆಯ ಬಿಡುವು, ಬೇಕು. ಹಿಂದೆ ಅಂಥ ಹೊಳವು ದಿನಗಟ್ಟಲೆ ಸಿಗುತ್ತಿತ್ತು. ಈಗ ಬೆಳಗ್ಗೆ ಬಿಸಿಲು ಕಂಡು ಮರ ಹತ್ತುವ ಕೊನೆಗೌಡನಿಗೆ ಫೋನ್ ಮಾಡಿ, ಅವನು ಬರುವಷ್ಟರಲ್ಲಿ ಮತ್ತೆ ಮೋಡ. ಒದ್ದೆ ಮರ ಹತ್ತಿಸುವುದೂ ಪಾಪ.

ಇಲ್ಲಿ ನಿಜಕ್ಕೂ ಉಪಕಾರ ಮಾಡಿದ್ದು ಕಾರ್ಬನ್ ಫೈಬರ್ ದೋಟಿ. ನೆಲದ ಮೇಲೆ ನಿಂತೇ ಗೊನೆಗೆ ಔಷಧಿ ಹೊಡೆಯಬಹುದು, ಗೊನೆ ಕೊಯ್ಯಬಹುದು. ಮರ ಒದ್ದೆಯಾಗಿದ್ದರೂ ತೊಂದರೆ ಇಲ್ಲ. ನಾಲ್ಕು ಗಂಟೆ ಹೊಳವು ಸಿಕ್ಕರೆ ಮನೆಯವರೇ ಒಂದಷ್ಟು ತೋಟ ಮುಗಿಸುತ್ತಾರೆ. ಬೆಲೆ ಜಾಸ್ತಿ, ಮತ್ತೆ ಕರೆಂಟ್ ತಂತಿ ಹತ್ತಿರ ದೋಟಿ ಎತ್ತಲೇಬಾರದು. ಕಾರ್ಬನ್ ಕರೆಂಟ್ ಹರಿಸುತ್ತದೆ. ಇದನ್ನು ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಕೊಯ್ಲಿನ ಮಳೆಯೂ ಹೊಸ ಕಾಟ. ಬೇಯಿಸಿದ ಅಡಿಕೆ ಅಟ್ಟದ ಮೇಲಿರುವಾಗ ನವೆಂಬರ್, ಡಿಸೆಂಬರಿನಲ್ಲಿ ಮೋಡ ಕವಿಯುತ್ತದೆ. ಪ್ಲಾಸ್ಟಿಕ್ ಗುಡಾರದ ಮನೆ ಕಟ್ಟಿ ಒಳಗೆ ಒಣಗಿಸುವವರು ಹೆಚ್ಚಾಗಿದ್ದಾರೆ, ಒಳ್ಳೆಯದೇ. ಟರ್ಬೈನಿನ ಹೆಚ್ಚುವರಿ ಕರೆಂಟನ್ನು ಹಂಡೆಗೆ ಬದಲು ಒಂದು ಕೋಣೆಯ ಕಾಯಿಲ್, ಫ್ಯಾನಿಗೆ ಕೊಟ್ಟರೆ ಅಡಿಕೆ ಒಣಗುತ್ತದಾ ಅಂತ ಭಟ್ಟರ ಮಗ ಕೇಳಿದ. ಕೂತು ಲೆಕ್ಕ ಹಾಕಿದೆವು. 900 ವಾಟ್ ಇಡೀ ದಿನ ಓಡಿದರೆ 21 ಯೂನಿಟ್ ಚಿಲ್ಲರೆ. ಒಂದು ಕಿಲೋ ನೀರು ಆವಿಯಾಗಲು ಅರ್ಧ ಯೂನಿಟ್‌ಗಿಂತ ಜಾಸ್ತಿ ಬೇಕು, ಗಾಳಿಯಲ್ಲಿ ಹೋಗುವ ಬಿಸಿ ಸೇರಿಸಿದರೆ ಅದರ ಎರಡರಷ್ಟು. ಎಲ್ಲ ಸೇರಿ ದಿನಕ್ಕೆ ಹದಿನೈದು ಕಿಲೋ ನೀರು ಓಡಿಸಬಹುದು. ಇಡೀ ಬೆಳೆ ಒಣಗಿಸಲು ಏನೂ ಸಾಲದು. ಮೋಡದ ಎರಡು ಮೂರು ದಿನ ಸ್ವಲ್ಪ ಅಡಿಕೆ ಬೂಸ್ಟು ಹಿಡಿಯದಂತೆ ಕಾಯಲು ಸಾಕು. ಹುಡುಗ ಅಷ್ಟಕ್ಕೇ ಖುಷಿಯಾಗಿ ಕೋಣೆ ಮಾಡಿದ.

ಇಷ್ಟೆಲ್ಲ ಬರೆದದ್ದು ಯಾಕೆ ಅಂದರೆ, ಗುಡ್ಡಗಾಡಿನವರಿಗೆ ಸಹಾಯ ಅಂತ ಬರುವುದೆಲ್ಲ ಸಾಮಾನಿನ ರೂಪದಲ್ಲಿ ಬರುತ್ತದೆ. ಪಂಪು ಒಂದು ಇಲಾಖೆಯಿಂದ, ಡ್ರಿಪ್ ಇನ್ನೊಂದರಿಂದ, ಸೋಲಾರ್ ಮತ್ತೊಂದರಿಂದ. ಫೋಟೋ ತೆಗೆದು ಹೋಗುತ್ತಾರೆ. ಮೂರನೇ ಮಳೆಗಾಲಕ್ಕೆ ಬೇರಿಂಗ್‌ಗೆ ನೀರು ಹೊಕ್ಕು ಕಿರುಗುಟ್ಟುತ್ತದೆ. ಬೇರಿಂಗ್ ಬೆಲೆ ಕೆಲವು ನೂರು ರೂಪಾಯಿ. ಆದರೆ ಜುಲೈ ತಿಂಗಳಲ್ಲಿ ಘಟ್ಟದ ಕೇರಿಯಿಂದ ಶಿವಮೊಗ್ಗಕ್ಕೆ ಹೋಗಿ ತರುವವರು ಯಾರು? ಟರ್ಬೈನ್ ಮೂಲೆ ಸೇರುತ್ತದೆ. ಹಾಗೆ ಮೂಲೆ ಸೇರಿದವನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕೋಳಿ ಮೊಟ್ಟೆ ಇಡಲು ಅದರ ಡಬ್ಬಿ ಒಳ್ಳೆಯ ಜಾಗ. ಕಂಟ್ರೋಲರ್ ಕಾರ್ಡಿನ ಕಥೆ ಇನ್ನೂ ಚೆನ್ನಾಗಿದೆ. ಬಿಚ್ಚಬಾರದು ಅಂತ ಕಂಪನಿಯವರು ಅದರ ಮೇಲೆ ಎಪಾಕ್ಸಿ ಅಂಟು ಸುರಿದಿರುತ್ತಾರೆ. ಒಳಗೆ ಹೋಗಿರುವುದು ಹತ್ತಿಪ್ಪತ್ತು ರೂಪಾಯಿಯ ಒಂದು ಬಿಡಿಭಾಗ ಇರಬಹುದು. ಹೊಸ ಕಾರ್ಡಿಗೆ ಸಾವಿರಗಟ್ಟಲೆ. ಸಬ್ಸಿಡಿ ಕೊಡುವವರು ಒಂದು ಷರತ್ತು ಹಾಕಲಿ: ರಿಪೇರಿಗೆ ಬಾರದ ಕಾರ್ಡಿಗೆ ದುಡ್ಡಿಲ್ಲ.

ನನಗೆ ತೋಚಿದ ದಾರಿ ಹಳೆಯದೇ. ನಮ್ಮಲ್ಲಿ ಅಡಿಕೆ ಸೊಸೈಟಿಗಳಿವೆ. ಮಳೆ ಶುರುವಾಗುವ ಮೊದಲು ಮೈಲುತುತ್ತ, ಸುಣ್ಣ, ರಾಳ ದಾಸ್ತಾನು ಮಾಡಿ ಸದಸ್ಯರಿಗೆ ಸಾಲದ ಮೇಲೆ ಕೊಡುವುದು ಅವರಿಗೆ ರೂಢಿ. ಅದೇ ಕಪಾಟಿನಲ್ಲಿ ಇನ್ನೊಂದು ಖಾನೆ ಇರಲಿ. 6204, 6205 ನಂಬರಿನ ಬೇರಿಂಗ್, ಆಯಿಲ್ ಸೀಲ್, ಎರಡು ಮೂರು ಅಳತೆಯ ನಾಝಲ್, ಜಾಲರಿ, ಮೈಕ್ರೋಟ್ಯೂಬ್, ಒಂದು ಬದಲಿ ಕಾರ್ಡ್. ಜೊತೆಗೆ ಐಟಿಐ ಮುಗಿಸಿದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸೊಸೈಟಿ ಸಂಬಳದ ಮೇಲೆ ಇಟ್ಟುಕೊಳ್ಳಲಿ. ಬೇಸಿಗೆಯಲ್ಲಿ ಡ್ರಿಪ್ ಮತ್ತು ಪಂಪು, ಮಳೆಗಾಲದಲ್ಲಿ ಟರ್ಬೈನ್, ಕೊಯ್ಲಿನಲ್ಲಿ ಅಡಿಕೆ ಸುಲಿಯುವ ಯಂತ್ರ. ವರ್ಷವಿಡೀ ಕೆಲಸ ಇರುತ್ತದೆ. ಸುತ್ತುವ ಕೆಲಸ ನಾನು ಕಲಿಸುತ್ತೇನೆ, ಫೀಸ್ ಬೇಡ. ನನ್ನ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾರೆ, ಅವರಿಗೆ ಇದು ಬೇಡ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನಮ್ಮ ಸೊಸೈಟಿಗೆ ಕೊಟ್ಟಿದ್ದೇನೆ. ನಿರ್ದೇಶಕರೊಬ್ಬರು ಓದಿ, "ಬೇರಿಂಗ್ ಸ್ಟಾಕಲ್ಲಿ ಇಟ್ಟರೆ ತುಕ್ಕು ಹಿಡಿಯಲ್ವಾ?" ಅಂದರು. ಗ್ರೀಸ್ ಕಾಗದ ಬಿಚ್ಚದೆ ಇಟ್ಟರೆ ಹಿಡಿಯುವುದಿಲ್ಲ, ನಿಮ್ಮ ಮೈಲುತುತ್ತದ ಪಕ್ಕ ಮಾತ್ರ ಇಡಬೇಡಿ ಅಂದೆ. ಮುಂದಿನ ಬೋರ್ಡ್ ಮೀಟಿಂಗಿನಲ್ಲಿ ಇಡುತ್ತೇವೆ ಅಂದಿದ್ದಾರೆ. ಸದಸ್ಯರಾಗಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ದಿನ ಬಂದು ಒಂದು ಮಾತು ಆಡಿ.